ಶೋಕೇಸಿನ ರಾಕೆಟ್, ಬಾವಿಯೊಳಗಿನ ರಾಕೆಟ್

ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ಎಪಿಸೋಡ್ ರಾಕೆಟ್ ಬಗ್ಗೆ. ಆಕಾಶಕ್ಕೆ ಹಾರೋ ರಾಕೆಟ್ ಅಲ್ಲ, ಶೋಕೇಸಿನಲ್ಲಿ ಸುಮ್ಮನೆ ನಿಲ್ಲೋ ರಾಕೆಟ್.

ಒಂದು ಕೆಲಸ ಮಾಡ್ರಿ. ಫೋನ್‌ನಲ್ಲಿ ಯಾವುದಾದರೂ ಶಾಪಿಂಗ್ ಆ್ಯಪ್ ತೆಗೆದು ‘ಡೈಕಾಸ್ಟ್ ರಾಕೆಟ್ ಮಾಡೆಲ್’ ಅಂತ ಹುಡುಕಿ. ಅಮೆರಿಕದ ಸ್ಯಾಟರ್ನ್ 5 ಬರ್ತೈತಿ, ಸ್ಪೇಸ್ ಶಟಲ್ ಬರ್ತೈತಿ. ಸ್ವಲ್ಪ ಕೆಳಗೆ ಹೋದ್ರ ನಮ್ಮ ಪಿಎಸ್‌ಎಲ್‌ವಿನೂ ಸಿಗ್ತೈತಿ. ಆದರೆ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಯುದ್ಧದಲ್ಲಿ ಸಾವಿರಗಟ್ಟಲೆ ಹಾರಿಸಿದ ಮೈಸೂರಿನ ರಾಕೆಟ್? ನಾನು ಹುಡುಕಿದ ಅಂಗಡಿಗಳಲ್ಲಿ ಇಲ್ಲ. ಜಗತ್ತಿನ ರಾಕೆಟ್ ಇತಿಹಾಸದ ಪುಸ್ತಕಗಳಲ್ಲಿ ಕರ್ನಾಟಕದ ಹೆಸರು ಬರೋದೇ ಆ ರಾಕೆಟ್‌ನಿಂದ. ಅದೇ ನಮ್ಮ ಮೇಜಿನ ಮೇಲೆ ಇಲ್ಲ.

ಇದು ಬರೀ ಆಟಿಕೆ ವಿಷಯ ಅಲ್ಲ. ಮಾದರಿ ಅನ್ನೋದು ಜ್ಞಾನವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸೋ ಸಾಧನ. ಯಾರು ಮಾದರಿಯನ್ನು ಜೋಪಾನ ಮಾಡಿದರೋ ಅವರು ಮುಂದೆ ಹೋದರು. ಹೆಂಗ ಅಂತ ಹೇಳ್ತೀನಿ ಕೇಳ್ರಿ.

ಎರಕದ ಲೆಕ್ಕ

ಮೊದಲು ‘ಡೈಕಾಸ್ಟ್’ ಅಂದ್ರ ಏನು? ಉಕ್ಕಿನ ಅಚ್ಚೊಳಗೆ ಕರಗಿದ ಲೋಹವನ್ನು ಒತ್ತಡ ಹಾಕಿ ನುಗ್ಗಿಸೋದು. ನಮ್ಮ ಭಾಷೆಯಲ್ಲಿ ಎರಕ ಹೊಯ್ಯೋದು. ಆದರೆ ದೇವರ ಮೂರ್ತಿಯ ಎರಕದ ಹಾಗೆ ಒಂದೊಂದಕ್ಕೂ ಹೊಸ ಅಚ್ಚಲ್ಲ. ಇಲ್ಲಿ ಒಂದೇ ಅಚ್ಚಿನಿಂದ ಸಾವಿರಾರು ತುಂಡು ತೆಗೀಬಹುದು. ಬಳಸೋ ಲೋಹದ ಹೆಸರು ಜಮಾಕ್. ಜಿಂಕ್, ಅಲ್ಯೂಮಿನಿಯಂ, ಮೆಗ್ನೀಷಿಯಂ, ತಾಮ್ರ, ಈ ನಾಲ್ಕರ ಜರ್ಮನ್ ಹೆಸರುಗಳ ಮೊದಲಕ್ಷರ ಜೋಡಿಸಿ ಮಾಡಿದ ಹೆಸರದು. ಅದರಲ್ಲಿ ಬಹುಪಾಲು ಜಿಂಕ್, ಅಂದ್ರೆ ಸತು. ಸುಮಾರು 400 ಡಿಗ್ರಿ ಶಾಖಕ್ಕೆ ಕರಗುತ್ತೆ, ಸಣ್ಣ ಸಣ್ಣ ಗೆರೆಯನ್ನೂ ಚೊಕ್ಕಟವಾಗಿ ಹಿಡೀತದೆ.

ಈ ಆಟಿಕೆಗಳನ್ನು ಮನೆಮನೆಗೆ ಮುಟ್ಟಿಸಿದ್ದು ಇಂಗ್ಲೆಂಡಿನ ಕಂಪನಿಗಳು. 1930ರ ದಶಕದಲ್ಲಿ ಡಿಂಕಿ, 1953ರಲ್ಲಿ ಮ್ಯಾಚ್‌ಬಾಕ್ಸ್, 1956ರಲ್ಲಿ ಕಾರ್ಗಿ. 1968ರಲ್ಲಿ ಅಮೆರಿಕದ ಹಾಟ್ ವೀಲ್ಸ್ ಬಂತು. ನಮ್ಮಲ್ಲಿ ಬಹಳ ಜನರಿಗೆ ಡೈಕಾಸ್ಟ್ ಅಂದ್ರೆ ಇವತ್ತಿಗೂ ಹಾಟ್ ವೀಲ್ಸ್ ಕಾರೇ.

ಇಲ್ಲೊಂದು ಮಜಾ ಐತಿ. ಡೈಕಾಸ್ಟ್ ಕಂಪನಿಗಳು ಗಗನನೌಕೆ ಮಾಡಿದಾಗ ದೊಡ್ಡ ಹೆಸರು ಮಾಡಿದವು ಕಥೆಯೊಳಗಿನ ನೌಕೆಗಳು. ಟಿ.ವಿ. ಧಾರಾವಾಹಿಯ ಥಂಡರ್‌ಬರ್ಡ್ಸ್ ನೌಕೆಯನ್ನು ಡಿಂಕಿ ಎರಕ ಹೊಯ್ದಿತು. 1979ರ ಜೇಮ್ಸ್ ಬಾಂಡ್ ಸಿನಿಮಾ ‘ಮೂನ್‌ರೇಕರ್’ ಬಂದಾಗ ಕಾರ್ಗಿ ಅದರ ಶಟಲ್ ಮಾರಿತು. ನಿಜವಾದ ಸ್ಪೇಸ್ ಶಟಲ್ ಮೊದಲ ಸಲ ಅಂತರಿಕ್ಷಕ್ಕೆ ಹಾರಿದ್ದು 1981ರಲ್ಲಿ! ಅಂದ್ರೆ ಆಟಿಕೆ ಮೊದಲು, ರಾಕೆಟ್ ಆಮೇಲೆ.

ನಾನು ಬಿ.ಕಾಂ ಓದಿದವನು, ಹಿಂಗಾಗಿ ಇದನ್ನು ಕಾಸ್ಟಿಂಗ್ ಲೆಕ್ಕದಲ್ಲಿ ಹೇಳ್ತೀನಿ. ಡೈಕಾಸ್ಟ್‌ನಲ್ಲಿ ದುಬಾರಿ ಆಗೋದು ಅಚ್ಚು, ತುಂಡಲ್ಲ. ಉದಾಹರಣೆಗೆ, ನಾನೇ ಇಟ್ಟುಕೊಂಡ ಸಂಖ್ಯೆ ಇದು: ಅಚ್ಚಿಗೆ 10 ಲಕ್ಷ ರೂಪಾಯಿ. ಒಂದು ಮಾದರಿ ಮಾಡೋಕೆ 500, ಮಾರೋದು 1,500ಕ್ಕೆ. ಒಂದಕ್ಕೆ 1,000 ರೂಪಾಯಿ ಉಳೀತದೆ. ಅಚ್ಚಿನ ದುಡ್ಡು ವಾಪಸ್ ಬರಬೇಕಂದ್ರೆ 1,000 ಮಾದರಿ ಮಾರಾಟ ಆಗಲೇಬೇಕು. ಲಾಭ ಶುರು ಆಗೋದು 1,001ನೇ ಗಿರಾಕಿಯಿಂದ. ಇದೇ ಬ್ರೇಕ್ ಈವನ್. ಪರೀಕ್ಷೆಗೆ ಓದಿ ಮರೆತಿರ್ತೀರಿ, ನೆನಪು ಮಾಡಿಕೊಳ್ರಿ.

ಹಂಗಾಗಿ ಕಂಪನಿಗಳು ಮಾಡೋದು ಗ್ಯಾರಂಟಿ ಮಾರಾಟ ಆಗೋ ರಾಕೆಟ್‌ಗಳನ್ನೇ. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ಸ್ಯಾಟರ್ನ್ 5ಕ್ಕೆ ಜಗತ್ತಿನ ತುಂಬ ಗಿರಾಕಿ ಇದ್ದಾರೆ. 1980ರಲ್ಲಿ ನಮ್ಮ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಎಸ್‌ಎಲ್‌ವಿ-3ಕ್ಕೆ ಅಷ್ಟು ಗಿರಾಕಿ ಎಲ್ಲಿ? ಇತಿಹಾಸದಲ್ಲಿ ಯಾವುದು ಮುಖ್ಯ ಅನ್ನೋದಕ್ಕಿಂತ ಯಾವುದರ ಅಚ್ಚಿನ ಖರ್ಚು ಹುಟ್ಟುತ್ತೆ ಅನ್ನೋದೇ ಶೋಕೇಸನ್ನು ತುಂಬಿಸ್ತದೆ. ಆದ್ದರಿಂದಲೇ ಇಸ್ರೋ ರಾಕೆಟ್‌ಗಳ ಮಾದರಿ ಅಂತ ಸಿಗೋವುಗಳಲ್ಲಿ ಬಹಳಷ್ಟು ಅಕ್ರಿಲಿಕ್, ರೆಸಿನ್, ಕಟ್ಟಿಗೆ ಇಲ್ಲವೇ ತ್ರೀಡಿ ಪ್ರಿಂಟ್‌ನವು. ಅವಕ್ಕೆ ಉಕ್ಕಿನ ಅಚ್ಚು ಬೇಡ, ನೂರು ತುಂಡು ಮಾರಿದರೂ ನಡೀತದೆ.

ಗೋಲಗುಂಬಜ್ ಪಕ್ಕ ಸ್ಯಾಟರ್ನ್

ಇನ್ನು ಸ್ಕೇಲ್. ಡಬ್ಬಿ ಮೇಲೆ 1:72 ಅಂತ ಬರೆದಿದ್ರೆ ನಿಜವಾದದ್ದನ್ನು 72 ಪಾಲು ಮಾಡಿ ಒಂದು ಪಾಲಿನಷ್ಟು ಎತ್ತರಕ್ಕೆ ಮಾಡಿದ್ದಾರೆ ಅಂತ ಅರ್ಥ. ಸ್ಯಾಟರ್ನ್ 5ರ ಎತ್ತರ ಸುಮಾರು 110 ಮೀಟರ್. ವಿಜಯಪುರದ ಗೋಲಗುಂಬಜ್ ಸುಮಾರು 51 ಮೀಟರ್. ಅಂದ್ರೆ ಒಂದರ ಮೇಲೆ ಒಂದು ಎರಡು ಗೋಲಗುಂಬಜ್ ಇಟ್ಟರೂ ಸ್ಯಾಟರ್ನ್ ಇನ್ನೂ ಸ್ವಲ್ಪ ಎತ್ತರ! ಅದರ 1:72 ಮಾದರಿಯೇ ಒಂದೂವರೆ ಮೀಟರ್, ಹೈಸ್ಕೂಲ್ ಹುಡುಗನ ಎತ್ತರ. ಮನೆಯಲ್ಲಿ ಇಡೋಕೆ ಬೇರೆ ಕೋಣೆ ಬೇಕು. ಅದಕ್ಕೇ 1:400 ಮಾದರಿಗಳು ಬಂದವು, 27–28 ಸೆಂಟಿಮೀಟರ್. ಒಂದು ಅಡಿಗಿಂತ ಕಡಿಮೆ.

ಅದೇ 1:400 ಸ್ಕೇಲಿನಲ್ಲಿ 44 ಮೀಟರಿನ ಪಿಎಸ್‌ಎಲ್‌ವಿ 11 ಸೆಂಟಿಮೀಟರ್. 22 ಮೀಟರಿನ ಎಸ್‌ಎಲ್‌ವಿ-3 ಐದೂವರೆ ಸೆಂಟಿಮೀಟರ್, ಕಿರುಬೆರಳಷ್ಟು. ಒಂದೇ ಸ್ಕೇಲಿನ ಮೂರು ಮಾದರಿ ಸಾಲಾಗಿ ಇಟ್ಟರೆ ಯಾವ ದೇಶ ಯಾವ ಕಾಲದಲ್ಲಿ ಎಲ್ಲಿತ್ತು ಅಂತ ಕಣ್ಣಿಗೇ ಕಾಣ್ತದೆ. ಪುಸ್ತಕದ ಪುಟ ಮಾಡಲಾರದ ಕೆಲಸ ಅದು.

ನನ್ನ ಮೇಜಿನ ಮೇಲೆ ಒಂದು ಪಿಎಸ್‌ಎಲ್‌ವಿ ಐತಿ. ಆರನೇ ಕ್ಲಾಸಿನ ಅಕ್ಕನ ಮಗ ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, “ಮಾಮಾ, ಈ ಸುತ್ತಲಿನ ಸಣ್ಣ ಕೊಳವಿ ಯಾಕ?” ಅಂತ ಕೇಳಿದ. ಅವು ಆರು ಸ್ಟ್ರ್ಯಾಪ್-ಆನ್‌ಗಳು, ಏಳುವಾಗ ಹೆಚ್ಚಿನ ನೂಕು ಕೊಡೋಕೆ. ಅಲ್ಲಿಂದ ಶುರುವಾದ ಮಾತು ಮೊದಲ ಹಂತದಲ್ಲಿ ಘನ ಇಂಧನ, ಎರಡನೆಯದರಲ್ಲಿ ದ್ರವ, ಮೂರನೆಯದರಲ್ಲಿ ಮತ್ತೆ ಘನ, ನಾಲ್ಕನೆಯದರಲ್ಲಿ ಮತ್ತೆ ದ್ರವ ಅನ್ನೋವರೆಗೂ ಹೋಯ್ತು. ಪಾಠ ಮಾಡಿದ್ದರೆ ಎರಡು ನಿಮಿಷಕ್ಕೆ ಎದ್ದು ಓಡ್ತಿದ್ದ.

ಈಗ ಮೈಸೂರು ರಾಕೆಟ್‌ಗೆ ಬರೋಣ. ಅದಕ್ಕೆ ಸ್ಕೇಲೇ ಬೇಕಾಗಿಲ್ಲ. ಯಾಕಂದ್ರ ಅದರ ಕೊಳವೆ ಒಂದು ಅಡಿಯಷ್ಟೂ ಇಲ್ಲ!

ಕಬ್ಬಿಣದ ಬಾಣ

ಹೈದರಾಲಿ ಮತ್ತು ಟಿಪ್ಪು ಸುಲ್ತಾನ್ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಈ ಎಪಿಸೋಡ್ ಅದರ ಬಗ್ಗೆ ಅಲ್ಲ. ಇದು ಅವರ ಕಾಲದ ಒಂದು ಕಬ್ಬಿಣದ ಕೊಳವೆಯ ಬಗ್ಗೆ, ಮತ್ತು ಹೆಸರು ಉಳಿಯದ ಕಂಬಾರರ ಬಗ್ಗೆ.

ಬಾಣ ಬಿರುಸು ನಮಗೆ ಹೊಸದಲ್ಲ. ಜಾತ್ರೆಯಲ್ಲಿ, ದೀಪಾವಳಿಯಲ್ಲಿ ನೋಡಿದ್ದೀವಿ. ಕಾಗದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದು ತುಂಬಿ ಹಚ್ಚೋದು. ಅದರ ತೊಂದರೆ ಏನಂದ್ರೆ ಮದ್ದನ್ನು ಜಾಸ್ತಿ ಒತ್ತಿ ತುಂಬಿದರೆ ಕೊಳವೆಯೇ ಒಡೆದು ಹೋಗ್ತದೆ. ಮೈಸೂರಿನಲ್ಲಿ ಮಾಡಿದ ಬದಲಾವಣೆ ಕೇಳೋಕೆ ಸಣ್ಣದು: ಕಾಗದದ ಜಾಗದಲ್ಲಿ ಬಡಿದು ಮಾಡಿದ ಕಬ್ಬಿಣದ ಕೊಳವೆ. ಕಬ್ಬಿಣ ಹೆಚ್ಚಿನ ಒತ್ತಡ ತಡೀತದೆ, ಮದ್ದನ್ನು ಗಟ್ಟಿಯಾಗಿ ಜಡಿಯಬಹುದು, ಅನಿಲ ಜೋರಾಗಿ ಹಿಂದಕ್ಕೆ ನುಗ್ಗುತ್ತೆ, ರಾಕೆಟ್ ದೂರ ಹೋಗ್ತದೆ. ಒಂದು, ಎರಡು ಕಿಲೋಮೀಟರ್ ದೂರದ ಮಾತು ಬರುತ್ತೆ. ಕೊಳವೆಯ ದಪ್ಪ ಮತ್ತು ಗುರಿಯ ದೂರ ನೋಡಿ ಯಾವ ಕೋನದಲ್ಲಿ ಹಾರಿಸಬೇಕು ಅಂತ ಲೆಕ್ಕ ಹಾಕೋ ತರಬೇತಿ ಪಡೆದ ಸೈನಿಕರಿದ್ದರು.

1780ರ ಸೆಪ್ಟೆಂಬರ್‌ನಲ್ಲಿ, ಈಗಿನ ತಮಿಳುನಾಡಿನ ಪೊಳ್ಳಿಲೂರಿನಲ್ಲಿ, ಕರ್ನಲ್ ಬೇಲಿಯ ಈಸ್ಟ್ ಇಂಡಿಯಾ ಕಂಪನಿ ಸೇನೆ ಮೈಸೂರಿನ ಎದುರು ನಾಶವಾಯಿತು. ಕಂಪನಿಯ ಮದ್ದಿನ ಗಾಡಿಗಳು ಸ್ಫೋಟಗೊಂಡಿದ್ದೇ ನಿರ್ಣಾಯಕ ಘಟ್ಟ. ಅದು ರಾಕೆಟ್ ಬಡಿದು ಆದದ್ದು ಅಂತ ಹೇಳುವ ಇತಿಹಾಸಕಾರರಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ಗೆ ಹೋದರೆ ಗೋಡೆ ಮೇಲೆ ಆ ಯುದ್ಧದ ದೊಡ್ಡ ಚಿತ್ರ ನೋಡಬಹುದು.

ನಮ್ಮ ಭಾಗಕ್ಕೂ ಆ ಕಾಲದ ನಂಟು ಉಂಟು. ಬಾದಾಮಿ ಕೋಟೆ ಆಗ ಮೈಸೂರಿನವರ ಕೈಯಲ್ಲಿತ್ತು. 1786ರಲ್ಲಿ ಮರಾಠರ ಮತ್ತು ನಿಜಾಮರ ಸೇನೆ ಮುತ್ತಿಗೆ ಹಾಕಿ ಅದನ್ನು ಗೆದ್ದವು. ಬಾದಾಮಿಗೆ ಚಾಲುಕ್ಯರ ಗುಹೆ ನೋಡೋಕೆ ಹೋಗೋರು ಗುಡ್ಡದ ಮೇಲಿನ ತೋಪನ್ನೂ ಒಮ್ಮೆ ನೋಡಿ ಬರ್ರಿ.

1799ರ ಏಪ್ರಿಲ್ 5ರ ರಾತ್ರಿ, ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ ಕತ್ತಲಲ್ಲಿ ಗುಂಡು ಮತ್ತು ರಾಕೆಟ್‌ಗಳ ಹೊಡೆತಕ್ಕೆ ಸಿಕ್ಕಿ ಹಿಂದೆ ಸರೀಬೇಕಾಯ್ತು. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. ಮೇ 4ಕ್ಕೆ ಕೋಟೆ ಬಿತ್ತು, ಟಿಪ್ಪು ಸತ್ತ. ಆಮೇಲೆ ಬ್ರಿಟಿಷರು ಕೋಟೆಯೊಳಗಿನ ಸಾಮಾನು ಎಣಿಸಿದಾಗ ಬಳಕೆಗೆ ಸಿದ್ಧವಾಗಿದ್ದ 700 ರಾಕೆಟ್, ಮದ್ದು ತುಂಬದ 9,000 ಖಾಲಿ ರಾಕೆಟ್ ಸಿಕ್ಕವು ಅನ್ನೋ ಲೆಕ್ಕ ಇತಿಹಾಸದಲ್ಲಿ ಉಳಿದಿದೆ.

ಆ ಲೆಕ್ಕ ಓದಿದಾಗ ನನ್ನ ತಲೆಗೆ ಹೊಳೆದದ್ದು ಕ್ಲೋಸಿಂಗ್ ಸ್ಟಾಕ್. 700 ಅಂದ್ರೆ ತಯಾರಾದ ಮಾಲು. 9,000 ಅಂದ್ರೆ ಅರ್ಧ ಕೆಲಸ ಆದ ಮಾಲು. ಅರ್ಧ ಆದ ಮಾಲು ಇಷ್ಟು ಇರಬೇಕಂದ್ರೆ ಅದು ಯಾರೋ ಒಬ್ಬ ಕುಶಲಕರ್ಮಿ ಹವ್ಯಾಸಕ್ಕೆ ಮಾಡಿದ್ದಲ್ಲ. ಅಳತೆ, ಕಬ್ಬಿಣದ ಪೂರೈಕೆ, ದಾಸ್ತಾನು, ಕೆಲಸಗಾರರು ಎಲ್ಲಾ ಇದ್ದ ಕಾರ್ಖಾನೆ ವ್ಯವಸ್ಥೆ ಅದು.

ವೂಲಿಚ್‌ನ ಶೋಕೇಸು

ಬ್ರಿಟಿಷರು ಗೆದ್ದ ಮೇಲೆ ಆ ರಾಕೆಟ್‌ಗಳನ್ನು ಏನು ಮಾಡಿದರು? ಕೆಲವನ್ನು ಹಡಗು ಹತ್ತಿಸಿದರು. ಲಂಡನ್ ಹತ್ತಿರದ ವೂಲಿಚ್‌ನಲ್ಲಿ ಅವರ ಶಸ್ತ್ರಾಸ್ತ್ರ ಪ್ರಯೋಗಾಲಯ ಇತ್ತು. ಅಲ್ಲಿಗೆ ಮಾದರಿಗಳು ಹೋದವು. ಅಳೆದರು, ಬಿಚ್ಚಿ ನೋಡಿದರು. 1804ರ ಹೊತ್ತಿಗೆ ವಿಲಿಯಂ ಕಾಂಗ್ರೀವ್ ಅನ್ನೋನು ಪ್ರಯೋಗ ಶುರು ಮಾಡಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಕಾಂಗ್ರೀವ್ ರಾಕೆಟ್ ಬಿದ್ದವು. 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಬಳಿಯ ಫೋರ್ಟ್ ಮೆಕ್‌ಹೆನ್ರಿ ಮೇಲೆ ಬಿದ್ದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ರಾಕೆಟ್ ಬೆಳಕಿನ ಮಾತು ಬರೋದು ಆ ರಾತ್ರಿಯಿಂದಲೇ.

ಗಮನಿಸ್ರಿ, ಶ್ರೀರಂಗಪಟ್ಟಣದಿಂದ ಬಾಲ್ಟಿಮೋರ್‌ಗೆ 15 ವರ್ಷ. ನಡುವಿನ ಸೇತುವೆ ಜೋಪಾನವಾಗಿ ಸಾಗಿಸಿದ ಕೆಲವು ಮಾದರಿಗಳು.

ವೂಲಿಚ್‌ನಲ್ಲಿ ಉಳಿದಿದ್ದ ಎರಡು ಮೈಸೂರು ರಾಕೆಟ್‌ಗಳ ಅಳತೆ ನಮಗೆ ಗೊತ್ತು. ಅದನ್ನು ನಮ್ಮ ಮುಂದಿಟ್ಟವರು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ, 1985ರ ತಮ್ಮ ಪ್ರಬಂಧದಲ್ಲಿ. ಒಂದರ ಕೊಳವೆ 58 ಮಿಲಿಮೀಟರ್ ದಪ್ಪ, 254 ಮಿಲಿಮೀಟರ್ ಉದ್ದ. ಅದನ್ನು ಒಂದು ಮೀಟರಿಗಿಂತ ಚೂರು ಉದ್ದದ ಕತ್ತಿಯ ಅಲಗಿಗೆ ಚರ್ಮದ ಪಟ್ಟಿಯಿಂದ ಕಟ್ಟಿದ್ದರು. ಇನ್ನೊಂದು 37 ಮಿಲಿಮೀಟರ್ ದಪ್ಪ, 198 ಮಿಲಿಮೀಟರ್ ಉದ್ದ. ಅದಕ್ಕೆ 1.9 ಮೀಟರ್ ಬಿದಿರಿನ ಕೋಲು. ಕೋಲು ಯಾಕೆ? ಅದಿಲ್ಲದಿದ್ದರೆ ರಾಕೆಟ್ ಗಾಳಿಯಲ್ಲಿ ಗಿರಗಿರ ತಿರುಗಿ ಹಾರಿಸಿದವನ ಕಡೆಗೇ ಬರಬಹುದು.

ಸ್ಯಾಟರ್ನ್ 5ರ ಜೊತೆ ಇದನ್ನೂ 1:72 ಮಾಡಿದರೆ ಕೊಳವೆ ಮೂರೂವರೆ ಮಿಲಿಮೀಟರ್. ಜೀರಿಗೆ ಕಾಳಷ್ಟು! 1:1 ಮಾಡಿದರೆ ನಿಮ್ಮ ಪುಸ್ತಕದ ಕಪಾಟಿನಲ್ಲಿ ಕೂರ್ತದೆ.

ವಿಂಡ್ ಟನಲ್ ರಸ್ತೆ

ಬೆಂಗಳೂರಿನಲ್ಲಿ ಕೆಲಸ ಮಾಡೋರು ಮುರುಗೇಶ್‌ಪಾಳ್ಯದ ವಿಂಡ್ ಟನಲ್ ರಸ್ತೆಯಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿ ಬೈದಿರ್ತೀರಿ. ಆ ಹೆಸರು ಯಾಕೆ ಬಂತು ಅಂತ ಯೋಚನೆ ಮಾಡಿದ್ದೀರಾ? ಅಲ್ಲಿ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಎನ್‌ಎಎಲ್‌ನ ಗಾಳಿ ಸುರಂಗ ಇದೆ. 1.2 ಮೀಟರ್ ಅಗಲದ ಸುರಂಗ, 1960ರ ದಶಕದಲ್ಲಿ ಕೆಲಸ ಶುರು ಮಾಡಿದ್ದು. ಸದ್ದಿನ ವೇಗಕ್ಕಿಂತ ಕಡಿಮೆ ವೇಗದಿಂದ ಹಿಡಿದು ಅದರ ಹಲವು ಪಟ್ಟು ವೇಗದವರೆಗೆ ಅಲ್ಲಿ ಗಾಳಿ ನುಗ್ಗಿಸಬಹುದು.

ಅದರೊಳಗೆ ಇಡೋದು ಏನು ಗೊತ್ತಾ? ರಾಕೆಟ್‌ನ ಸಣ್ಣ ಲೋಹದ ಮಾದರಿ. ಎಸ್‌ಎಲ್‌ವಿ-3, ಪಿಎಸ್‌ಎಲ್‌ವಿ, ಜಿಎಸ್‌ಎಲ್‌ವಿ, ಎಲ್ಲವೂ ಶ್ರೀಹರಿಕೋಟಾದಲ್ಲಿ ಹಾರೋಕೆ ಮೊದಲು ಬೆಂಗಳೂರಿನಲ್ಲಿ ಮಾದರಿಯಾಗಿ ಗಾಳಿ ತಿಂದವು. ಮಾದರಿ ಮೇಲೆ ಬೀಳೋ ಬಲ ಅಳೆದು, ದೊಡ್ಡ ರಾಕೆಟ್ ಮೇಲೆ ಎಷ್ಟು ಬೀಳಬಹುದು ಅಂತ ಲೆಕ್ಕ ಹಾಕ್ತಾರೆ. ಮೂತಿ ಸ್ವಲ್ಪ ಮೊಂಡಾಗಬೇಕೋ ಚೂಪಾಗಬೇಕೋ ಅಂತ ತೀರ್ಮಾನ ಮಾಡೋದು ಅಲ್ಲಿ. ಮೈಸೂರು ರಾಕೆಟ್‌ಗಳ ಅಳತೆ ಬರೆದಿಟ್ಟ ರೊದ್ದಂ ನರಸಿಂಹ 1984ರಿಂದ 1993ರವರೆಗೆ ಇದೇ ಎನ್‌ಎಎಲ್‌ನ ನಿರ್ದೇಶಕರಾಗಿದ್ದರು.

ಎಸ್‌ಎಲ್‌ವಿ-3ರ ಮುಖ್ಯಸ್ಥರಾಗಿದ್ದ ಅಬ್ದುಲ್ ಕಲಾಂ ಅವರ ಆತ್ಮಕಥೆಯಲ್ಲಿ ಒಂದು ಪ್ರಸಂಗ ಬರ್ತದೆ. 1960ರ ದಶಕದ ಶುರುವಿನಲ್ಲಿ ತರಬೇತಿಗೆ ಅಮೆರಿಕದ ನಾಸಾ ಕೇಂದ್ರ ವಾಲಪ್ಸ್‌ಗೆ ಹೋಗಿದ್ದಾಗ ಅಲ್ಲಿನ ಗೋಡೆ ಮೇಲೆ ಒಂದು ಯುದ್ಧದ ಚಿತ್ರ ಕಂಡರಂತೆ. ಹತ್ತಿರ ಹೋಗಿ ನೋಡಿದರೆ ರಾಕೆಟ್ ಹಾರಿಸ್ತಿದ್ದವರು ಟಿಪ್ಪುವಿನ ಸೈನಿಕರು. ನಮ್ಮ ರಾಕೆಟ್ ಕಥೆಯನ್ನು ನಮ್ಮ ಎಂಜಿನಿಯರ್ ಅಮೆರಿಕದ ಗೋಡೆ ಮೇಲೆ ನೋಡಬೇಕಾಯ್ತು.

ನಗರದ ಬಾವಿ

ಈಗ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿಗೆ ಬರ್ರಿ. ಬಿದನೂರು ನಗರ ಕೆಳದಿ ನಾಯಕರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದುಕೊಂಡ. ಆ ನಗರದ ಹಳೇ ಬಾವಿಯಲ್ಲಿ 2002ರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆ ಸಿಕ್ಕವು. ಅವು ಮೈಸೂರು ರಾಕೆಟ್ ಅಂತ ಗುರುತಾಯ್ತು. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಅದೇ ಬಾವಿಯ ಕೆಸರು ತೆಗೆಸಿದರು. ಮಣ್ಣಿಗೆ ಇನ್ನೂ ಮದ್ದಿನ ವಾಸನೆ ಇತ್ತು ಅಂತ ಅಗೆದವರು ಹೇಳಿದರು. ಮೂರು ದಿನದ ಕೆಲಸದಲ್ಲಿ ಒಂದು ಸಾವಿರಕ್ಕೂ ಹೆಚ್ಚು ರಾಕೆಟ್ ಹೊರಗೆ ಬಂದವು. ಅವು ಹೋಗಿದ್ದು ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆ ಮ್ಯೂಸಿಯಂಗೆ.

ವೂಲಿಚ್‌ನವರು ಎರಡು ರಾಕೆಟ್ ಇಟ್ಟುಕೊಂಡು ಅಳತೆ ಬರೆದರು. ನಮ್ಮ ಹತ್ತಿರ ಸಾವಿರ ಇದ್ದವು, ಇನ್ನೂರು ವರ್ಷ ಕೆಸರಿನಲ್ಲಿದ್ದವು.

ಇಲ್ಲೊಂದು ಅವಸರದ ಮಾತಿದೆ. ನೀರಿನಿಂದ ಹೊರಗೆ ಬಂದ ಹಳೇ ಕಬ್ಬಿಣ ಗಾಳಿಗೆ ಬೇಗ ತುಕ್ಕು ಹಿಡೀತದೆ. ಕೆಸರಿನಲ್ಲಿ ಆಮ್ಲಜನಕ ಕಡಿಮೆ, ಅದಕ್ಕೇ ಅಷ್ಟು ಕಾಲ ಉಳೀತು. ಮೇಲೆ ಬಂದ ದಿನದಿಂದ ಗಡಿಯಾರ ಓಡೋಕೆ ಶುರು. ಡೈಕಾಸ್ಟ್ ಸಂಗ್ರಾಹಕರಿಗೆ ಇಂಥ ಸಂಕಟ ಗೊತ್ತು. ಹಳೇ ಡಿಂಕಿ ಆಟಿಕೆಗಳ ಸತುವಿನಲ್ಲಿ ಚೂರು ಸೀಸ ಬೆರೆತಿದ್ದರೆ, ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟರೂ ಒಳಗಿಂದಲೇ ಬಿರುಕು ಬಿಟ್ಟು ಪುಡಿಯಾಗ್ತವೆ. ಅದಕ್ಕೆ ‘ಜಿಂಕ್ ಪೆಸ್ಟ್’ ಅಂತಾರೆ, ಸತುವಿನ ಹುಳ ಅನ್ನಿ. ಲೋಹ ಶಾಶ್ವತ ಅನ್ನೋದು ನಮ್ಮ ಭ್ರಮೆ. ಅದಕ್ಕೇ ಮೂಲವನ್ನು ಕಾಪಾಡೋದರ ಜೊತೆಗೆ ಅಳತೆಗೆ ಸರಿಯಾದ ನಕಲು ಮಾಡಿಡೋದು ಮುಖ್ಯ.

ನಾವು ಏನು ಮಾಡಬಹುದು?

ಮತ್ತೆ ಬ್ರೇಕ್ ಈವನ್‌ಗೆ ಬರ್ತೀನಿ. ಮೈಸೂರು ರಾಕೆಟ್ ಮಾದರಿಗೆ 10 ಲಕ್ಷದ ಉಕ್ಕಿನ ಅಚ್ಚು ಬೇಕಿಲ್ಲ. ಮೂಲವನ್ನೇ ಅಚ್ಚಿನಲ್ಲಿ ಹೊಯ್ದಿರಲಿಲ್ಲ, ಕಂಬಾರರು ತಗಡು ಬಡಿದು ಸುತ್ತಿ ಮಾಡಿದ್ದು. ಇವತ್ತೂ ಹಂಗೇ ಮಾಡಬಹುದು. 254 ಮಿಲಿಮೀಟರ್ ಖಾಲಿ ಕೊಳವೆ, ಚರ್ಮದ ಪಟ್ಟಿ, ಬಿದಿರು. ಮದ್ದಿನ ಮಾತೇ ಇಲ್ಲ, ಯಾರೂ ಅದನ್ನು ಪ್ರಯತ್ನ ಮಾಡಬ್ಯಾಡ್ರಿ! ಹತ್ತು ತುಂಡು ಮಾಡಿದರೂ ನಷ್ಟ ಇಲ್ಲ. ಸ್ಯಾಟರ್ನ್ ಮಾದರಿಗೆ ಸಾವಿರ ಗಿರಾಕಿ ಬೇಕು, ಇದಕ್ಕೆ ಒಬ್ಬ ಕಂಬಾರ, ಒಂದು ಸರಿಯಾದ ಅಳತೆಪಟ್ಟಿ ಸಾಕು.

ಇದನ್ನು ಮ್ಯೂಸಿಯಂ ಅಂಗಡಿಯಲ್ಲಿ ಮಾರಬಹುದು. ಹೈಸ್ಕೂಲ್ ವಿಜ್ಞಾನ ಪ್ರಯೋಗಾಲಯದಲ್ಲಿ ನ್ಯೂಟನ್‌ನ ಮೂರನೇ ನಿಯಮದ ಪಾಠಕ್ಕೆ ಇಡಬಹುದು. ನಮ್ಮ ತುಳಸಿಗೇರಿ ಹನುಮಪ್ಪನ ಜಾತ್ರೆಯಲ್ಲಿ ಪ್ಲಾಸ್ಟಿಕ್ ಹೆಲಿಕಾಪ್ಟರ್ ಸಾಲುಸಾಲು ಮಾರ್ತಾರೆ. ಅಲ್ಲೊಂದು ಸ್ಟಾಲಿನಲ್ಲಿ ಇದು ಇದ್ದರೆ ಯಾವುದೋ ಹುಡುಗಿ ಕೈಗೆತ್ತಿಕೊಂಡು “ಈ ಕೋಲು ಯಾಕ?” ಅಂತ ಕೇಳ್ತಾಳೆ. ಆ ಪ್ರಶ್ನೆಗೆ ಉತ್ತರ ಹೇಳೋಕೆ ಹೋದರೆ ಸ್ಥಿರತೆ, ಭಾರಕೇಂದ್ರ, ಗಾಳಿ ಸುರಂಗ, ಪಿಎಸ್‌ಎಲ್‌ವಿ ಎಲ್ಲಾ ಬರ್ತದೆ.

ಶಿವಮೊಗ್ಗ ಕಡೆ ಹೋಗೋರು ಜೋಗ ನೋಡೋಕೆ ಓಡೋ ಮುಂಚೆ ಒಂದು ತಾಸು ಶಿವಪ್ಪ ನಾಯಕನ ಅರಮನೆಗೆ ಕೊಡ್ರಿ, ನಗರದ ರಾಕೆಟ್‌ಗಳ ಬಗ್ಗೆ ಕೇಳ್ರಿ. ನಿಮ್ಮ ಊರಲ್ಲಿ ಬಡಿದು ಕೊಳವೆ ಮಾಡಬಲ್ಲ ಕಂಬಾರರು ಇನ್ನೂ ಕೆಲಸ ಮಾಡ್ತಿದ್ದರೆ ನನಗೊಂದು ವಾಯ್ಸ್ ನೋಟ್ ಕಳಿಸ್ರಿ. ಅಳತೆ ನನ್ನ ಹತ್ತಿರ ಐತಿ. ಮೊದಲ ಹತ್ತು ಕೊಳವೆಗಳ ಖರ್ಚಿನ ಪೂರ್ತಿ ಲೆಕ್ಕ ಮುಂದಿನ ಒಂದು ಎಪಿಸೋಡ್‌ನಲ್ಲಿ ನಿಮ್ಮ ಮುಂದೆ ಇಡ್ತೀನಿ.